ಎಂಟರ ಆಚೆ

ನಮ್ಮ ಜಿಮ್ಮಿನ ಕೆಳಗ ಚಾದರದ ಮಗ್ಗ ಅದಾವ, ಹನ್ನೆರಡು.
ರಾತ್ರಿಪಾಳಿ ಮುಗಿಯೂತನಕ ನೆಲ ನಡಗತದ,
ಕನ್ನಡಿ ನಡಗತದ, ಕನ್ನಡಿಯೊಳಗ ನಿಂತವರ ತೋಳು
ಏನೂ ಎತ್ತದೇನ ನಡಗತಾವ.
ಹೊಸಬರು ಅಂಜತಾರ. ನಾ ಹೇಳತೀನಿ:
ಇದು ಸೊಲ್ಲಾಪುರ, ಇಲ್ಲಿ ನೆಲಾನೂ ದುಡೀತದ.

ಐದಕ್ಕ ಶಟರ್ ಎತ್ತೂದು ನನ್ನ ಮೊದಲನೇ ಸೆಟ್ಟು.
ತುಕ್ಕು ಹಿಡಿದದ್ದು, ಮೂವತ್ತು ಕಿಲೋ ಇರಬೇಕು,
ತೂಗಿಲ್ಲ.
ತೂಗದೇ ಎತ್ತಿದ್ದಽ ಬಾಳ ಈ ಜನ್ಮದಾಗ.

ಸಣ್ಣಾಂವಿದ್ದಾಗ ನಮ್ಮವ್ವ
ಲಟ್ಟಣಿಗಿ ಹಿಡಕೊಂಡು ಓಣಿತುಂಬ ಬೆನ್ನ ಹತ್ತತಿದ್ದಳು:
“ನಿಲ್ಲೋ ರೇವಣಸಿದ್ದ, ನಿನ್ನ ಕೊಬ್ಬ ಇಳಸತೀನಿ!”
ಪುಕ್ಕಟೆ ಇಳಸತಿದ್ದಳು.
ಈಗ ಅದಽ ಮಾತು ಮರಾಠಿಯೊಳಗ ಫ್ಲೆಕ್ಸಿಗೆ ಬರಸಿ
ತಿಂಗಳಿಗೆ ಎಂಟುನೂರು ತಗೋತೀನಿ.

ಕೊಬ್ಬು ಅಂದ್ರ ಹಳೇ ಬಾಡಿಗಿದಾರ.
ಗದರಿಸಿದರ ಹೋಗೂದಿಲ್ಲ, ಉಪಾಸ ಕೆಡವಿದರ
ಇನ್ನಷ್ಟು ಒಳಗ ಸರದು ಚಿಲಕಾ ಹಾಕೋತದ.
ದಿನಾ ಹೋಗಿ ಬಾಗಲ ಬಡೀಬೇಕು, ಸಿಟ್ಟಿಲ್ಲದೇ.
ಮೊದಲ ಮಾರಿ ಬಿಡತದ, ಆಮ್ಯಾಲ ತೋಳು;
ಹೊಟ್ಟಿ ಕಡೀಕ, ಕೀಲಿಕೈ ಕೊಡೂವಾಗ.
ಇದನ್ನ ಹೇಳಿದರ ಯಾರೂ ಫೀ ಕಟ್ಟೂದಿಲ್ಲ.

ಎಲ್ಲಾರೂ ಇಲ್ಲಿ ಮರಾಠಿಯೊಳಗ ಎಣಿಸತಾರ:
ಏಕ್, ದೋನ್, ತೀನ್.
ಎಂಟಕ್ಕ ಉಸಿರು ಹರೀತದ. ಅಲ್ಲಿಂದ ಆಚೆ
ಸುಳ್ಳ ಹೇಳೂ ತಾಕತ್ತು ಯಾರಿಗೂ ಉಳಿಯೂದಿಲ್ಲ.
ನರಸಯ್ಯ ಬೊಮ್ಮಡ್ಯಾಲ “ತೊಮ್ಮಿದಿ” ಅಂತಾನ,
ಇಕ್ಬಾಲ ಬಾಗವಾನ ಎಣಿಕಿ ಬಿಟ್ಟು ಅಮ್ಮೀನ ಕರೀತಾನ.
ಪೊಲೀಸ ಭರತಿಗೆ ಓಡೂ ಹುಡುಗ ದಶರಥ
ಹದಿನೈದಾದರೂ ಮರಾಠೀನ.
ಅದು ಅವನ ಮನೀಮಾತು.

ಕಸ್ತೂರಿಬಾಯಿ ಶೇಂಗಾಚಟ್ನಿ ಕುಟ್ಟಿ ಮಾರಾಕಿ.
ಭುಜ ಮೊದಲಽ ಗಟ್ಟಿ, ಒಳಕಲ್ಲು ಕೊಟ್ಟದ್ದು.
ಮೂರು ತಿಂಗಳು, ಕಾಟಾದ ಮುಳ್ಳು
ಎಪ್ಪತ್ತೆಂಟು ಬಿಟ್ಟು ಅಲಗಲಿಲ್ಲ.
ಎಣ್ಣಿ ಬಿಡ್ರಿ ಅಂದೆ, ಶೇಂಗಾ ಬಿಡ್ರಿ ಅಂದೆ.
“ರುಚಿ ನೋಡದೇ ಹೆಂಗ ಮಾರಲಿ?” ಅಂದಳು.

ಒಂದಿನ ಕೇಳಿದೆ: ಯಾಕ ಇಳಿಸಬೇಕು ನಿಮಗ?
ಪಾದ ನೋಡಕೋತ ಹೇಳಿದಳು,
ಅತ್ತಿಗೆ ಒಂದು ಕಡೆ ಕೈಕಾಲು ಬಿದ್ದಾವ,
ಸಂಡಾಸಕ್ಕ ನಾನಽ ಎತ್ತಬೇಕು.
ಎತ್ತುವಾಗ ಆಕಿ ನನ್ನ ಮಾರೀನ ನೋಡತಾಳ.
ನನ್ನ ತೇಕು ಆಕಿಗೆ ಕೇಳಬಾರದು, ಸರ್.

ಆ ಊಟದ ಚೀಟಿ ಹರದೆ.
ಕಾಟಾ ಗ್ವಾಡಿಗೆ ಮಾರಿ ಮಾಡಿ ನಿಲ್ಲಿಸಿದೆ.
ಸಳಿ ನೆಲದ ಮ್ಯಾಲ ಇಟ್ಟು ಅಂದೆ:
ಬೆನ್ನಲ್ಲ, ತೊಡಿ. ಎಳೀಬ್ಯಾಡ್ರಿ, ನೆಲಾ ಒತ್ತರಿ.
ಉಸಿರು ಹೊಟ್ಟ್ಯಾಗ ಕಟ್ಟರಿ,
ನಿಂತಮ್ಯಾಲ ಬಿಡ್ರಿ, ಸಣ್ಣಕ, ದೀಪಾ ಆರದಾಂಗ.
ಅತ್ತಿ ಅಂದಾಜು ಐವತ್ತೆರಡು ಕಿಲೋ.
ದಸರಾಕ್ಕ ಈಕಿ ಅರವತ್ತು ಎತ್ತಿದಳು,
ಮಗ್ಗದ ಸದ್ದಿನೊಳಗ ಉಸಿರು ಕೇಳಲೇ ಇಲ್ಲ.

ಕಾರ್ತೀಕದಾಗ ಇಪ್ಪತ್ತು ದಿನ ಬರಲಿಲ್ಲ.
ಬಂದ ದಿನ ಸಳಿ ಮುಂದ ನಿಂತು ಕೇಳಿದಳು:
“ಇನ್ನ ಏನ ಎತ್ತಲಿ?”

ಪುಣೆದ ನನ್ನ ಸರ್ಟಿಫಿಕೇಟ ಗ್ವಾಡಿ ಮ್ಯಾಲ ಅದ, ಕಾಜು ಹಾಕಿದ್ದು.
ಅದರಾಗ ಇದಿಲ್ಲ.
ಎರಡೂ ಕಡೆ ಎರಡೂವರಿ ಕಿಲೋದ ಒಂದೊಂದು ಡಿಸ್ಕ್ ಸೇರಿಸಿದೆ,
ಮಾತು ಸಿಗದಾಗ ನಮ್ಮಂಥವರು ಮಾಡೂದು ಅಷ್ಟಽ.

ಏಕ್, ಅಂದಳು. ದೋನ್. ಸಾತ್ ತನಕ ಮರಾಠಿ.
ಆಮ್ಯಾಲ ಎಂಟು.
ಒಂಬತ್ತು.
ಹತ್ತು ಆತು, ಸಾಕು ಅಂದೆ. ಆಕಿ ಕೆಳಗಿಡಲಿಲ್ಲ.
ಕೆಳಗ ಪಾಳಿ ಮುಗೀತು, ಮಗ್ಗ ಒಂದೊಂದಽ ನಿಂತವು.
ಆಗ ಕೇಳಿತು ತೇಕು,
ಜೋರು, ಒರಟು, ಯಾರಿಗೂ ಮುಚ್ಚದ್ದು.

ನಾ ಡಂಬೆಲ್ ಒರಸೂ ನೆವಾ ಮಾಡಿ
ಆ ಕಡೆ ಹ್ವಾದೆ.