ನಾಣ್ಯ ಮುಳುಗಿದರೆ

ಬಾ ನೆರೇಯ್ದಾ, ಬಾಗಿಲು ಹಾಕಬೇಡ, ಗಾಳಿ ಇನ್ನೂ ಸಾಧುವಾಗಿದೆ.
ಸಾನ್ ಹುವಾನಿನ ಹತ್ತನೆಯ ಮಹಡಿಯಿಂದ
ಉತುವಾದೊದ ಈ ಗುಡ್ಡಕ್ಕೆ ಬಂದವಳು ನೀನು.
ಇಲ್ಲಿ ಚಂಡಮಾರುತಕ್ಕೂ ಹೆಸರಿಡುತ್ತಾರೆ,
ಅದು ಹೊತ್ತೊಯ್ದ ಕರೆಂಟಿಗೆ ಹೆಸರಿಲ್ಲ.
ಬೆಳಕು ಹೋಯ್ತು ಅನ್ನುತ್ತೇವೆ, ಅಷ್ಟೇ,
ಯಾರೋ ನೆಂಟರ ಮನೆಗೆ ಹೋದ ಹಾಗೆ.

ಮೊದಲು ಈ ಲೋಟ ಹಿಡಿ.
ನೀರು ತುಂಬಿ ಫ್ರೀಜರಿನಲ್ಲಿಡು, ಕಲ್ಲಾಗಲಿ,
ಆಮೇಲೆ ಅದರ ತಲೆಯ ಮೇಲೊಂದು ನಾಣ್ಯ.
ಒಂದು ಸೆಂಟು ಸಾಕು, ಮಂಜುಗಡ್ಡೆಗೆ ದುಡ್ಡಿನ ಲೆಕ್ಕ ಬಾರದು.
ಗಾಳಿ ಜೋರಾಗಿ ಶಾಲೆಗೆ ಓಡಿಹೋಗಿ ಮಲಗಿ
ನಾಲ್ಕು ದಿನ ಬಿಟ್ಟು ಮರಳಿದಾಗ
ನಾಣ್ಯ ಇಟ್ಟಲ್ಲೇ ಇದ್ದರೆ ಕೋಳಿ ಬೇಯಿಸು.
ತಳದಲ್ಲಿದ್ದರೆ,
ಎಲ್ಲ ಕರಗಿ, ನೀನಿಲ್ಲದಾಗ ಮತ್ತೆ ಹೆಪ್ಪುಗಟ್ಟಿ
ಏನೂ ಆಗಿಲ್ಲವೆಂಬಂತೆ ಕೂತಿದೆ ಎಂದರ್ಥ.
ಮೂಸಬೇಡ, ನಾಲಿಗೆಗೆ ಹಚ್ಚಿ ನೋಡಬೇಡ.
ಎಸೆ.

ಫ್ರಿಜ್ಜಿನ ಬಾಗಿಲು ಸುಮ್ಮಸುಮ್ಮನೆ ತೆರೆಯಬೇಡ.
ಈ ದ್ವೀಪಕ್ಕಿರುವ ಚಳಿಗಾಲವೆಲ್ಲ ಆ ಪೆಟ್ಟಿಗೆಯೊಳಗೇ ಇದೆ,
ಇಣುಕಿದಷ್ಟು ಸಲ ಒಂದು ಹಿಡಿ ಸೋರುತ್ತದೆ.
ಎದುರುಮನೆಯ ಎರ್ಮಿನಿಯೊ ಅಜ್ಜನ ಇನ್ಸುಲಿನ್ನಿಗೆ
ಕುಂಡದೊಳಗೊಂದು ಕುಂಡ, ನಡುವೆ ಒದ್ದೆ ಮರಳು,
ಮೇಲೆ ಒದ್ದೆ ಬಟ್ಟೆ. ದಿನಕ್ಕೆರಡು ಸಲ ನೀರು ಚಿಮುಕಿಸಬೇಕು.
ಬೆಳಗ್ಗೆ ನಾನು, ಸಂಜೆ ಇನ್ನು ನೀನು.
ಅವನು ಬೈಯುತ್ತಾನೆ. ಬೈಸಿಕೊಂಡೇ ಚಿಮುಕಿಸು.

ಮೇಣದಬತ್ತಿ ಹುಟ್ಟುಹಬ್ಬಕ್ಕಿರಲಿ.
ನೀರು ತುಂಬಿದ ಹಾಲಿನ ಕ್ಯಾನಿನ ಕೆಳಗೆ ಟಾರ್ಚು ಇಡು,
ಅಡುಗೆಮನೆಯಲ್ಲಿ ಚಂದ್ರ ಸಿಕ್ಕಿಬಿದ್ದಂತೆ ಕಾಣುತ್ತದೆ.

ಜನರೇಟರು ತಂದಿದ್ದೀಯಂತೆ, ಕೆಂಪುಬಣ್ಣದ್ದು.
ವರಾಂಡದಲ್ಲಿ ಬೇಡ, ಕಿಟಕಿ ತೆರೆದಿದ್ದರೂ ಬೇಡ.
ಬಾಳೆಗಿಡಗಳಾಚೆ, ಮೂತಿ ಕಣಿವೆಯ ಕಡೆಗೆ.
ಅದರ ಹೊಗೆಯೊಳಗಿನ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ,
ನಿದ್ದೆಯ ವೇಷ ಹಾಕಿಕೊಂಡು ಬರುತ್ತದೆ.
ರಾತ್ರಿ ಆರಿಸಿಬಿಡು. ಆಗ ಕೊಕಿ ಕಪ್ಪೆಗಳು ಕೇಳಿಸುತ್ತವೆ,
ಉಗುರಿನಷ್ಟು ಮೈ, ಗುಡ್ಡದಷ್ಟು ಗಂಟಲು.

ಇನ್ನೊಂದು.
ಎರಡೂ ತುದಿಗೆ ಪಿನ್ನಿರುವ ವಯರು ಯಾರಾದರೂ ಮಾಡಿಕೊಡುತ್ತೇನೆಂದರೆ,
ಗೋಡೆಗೆ ಚುಚ್ಚು, ಇಡೀ ಮನೆ ಬೆಳಗುತ್ತದೆ ಎಂದರೆ,
ಬೇಡ ಅನ್ನು.
ಗೋಡೆಗೆ ಕೊಟ್ಟದ್ದು ಗೋಡೆಯಲ್ಲಿ ನಿಲ್ಲುವುದಿಲ್ಲ ನೆರೇಯ್ದಾ,
ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು
ಕಂಬ ಹತ್ತುತ್ತದೆ, ಹತ್ತುತ್ತ ಬೆಳೆಯುತ್ತದೆ,
ಮೇಲೆ ಒಬ್ಬ ಮನುಷ್ಯನಿರುತ್ತಾನೆ.

ಅದು ನಲವತ್ತಮೂರನೆಯ ದಿನ.
ಮಗುವಿನ ಬೆನ್ನ ತುಂಬ ಬೆವರುಸಾಲೆ.
ಒಂದು ಫ್ಯಾನಾದರೂ ತಿರುಗಲಿ ಅಂದವಳು ನಾನು,
ವಯರು ಮಾಡಿದವನು ನನ್ನ ತಮ್ಮ ಎಲಿಯುದ್.
ಕೆಳಗಿನ ತಿರುವಿನ ಕಂಬದ ಮೇಲೆ ಅನ್ಸೆಲ್ಮೊ,
ಹೌದು, ನನ್ನ ಗಂಡ. ಅವತ್ತು ಅವನ ಸರದಿ
ಆಚೆಯ ಹಳ್ಳಿಯಲ್ಲಿತ್ತು, ಬದಲಾದದ್ದು ನಮಗೆ ಗೊತ್ತಿರಲಿಲ್ಲ.
ಗೊತ್ತಿರಲಿಲ್ಲ ಅನ್ನುತ್ತೇನೆ. ಬೇರೆಯವನಾಗಿದ್ದರೆ?

ಎಡಗೈಯಲ್ಲಿ ಈಗ ಮೂರು ಬೆರಳು.
ಭಾನುವಾರ ಇಬ್ಬರೂ ಡೊಮಿನೊ ಆಡುತ್ತಾರೆ ನಮ್ಮ ಮನೆಯಲ್ಲೇ.
ಅವನು ಆ ಕೈಯಲ್ಲೇ ಬಿಲ್ಲೆ ಕಲಸುತ್ತಾನೆ,
ತಮ್ಮ ಬಿಲ್ಲೆ ನೋಡುತ್ತಾನೆ, ಕೈ ನೋಡುವುದಿಲ್ಲ.
ಅನ್ಸೆಲ್ಮೊಗೆ ಗೊತ್ತು. ಅವನಿಗೆ ಗೊತ್ತೆಂದು ಎಲಿಯುದನಿಗೂ ಗೊತ್ತು.
ನಾನು ಕಾಫಿ ತಂದಿಡುತ್ತೇನೆ. ನಗುತ್ತೇವೆ. ಗಟ್ಟಿಯಾಗಿಯೇ ಇದೆ ಎಲ್ಲ,
ಕಲ್ಲಿನಂತೆ, ಮೇಲಿನಿಂದ ನೋಡಿದರೆ.

ಕರೆಂಟು ಹೋದೊಡನೆ ಎಲ್ಲ ಸ್ವಿಚ್ಚೂ ಆರಿಸಿಬಿಡು,
ಅಡುಗೆಮನೆಯದೊಂದನ್ನು ಬಿಟ್ಟು.
ಅದೇ ಎಬ್ಬಿಸುತ್ತದೆ, ಇಲ್ಲವೆಂದರೆ
ಗುಡ್ಡದ ಮಕ್ಕಳ ಕೇಕೆ ಎಬ್ಬಿಸುತ್ತದೆ.
ಬಂದದ್ದು ನಿಂತೀತೆಂದು ಸ್ವಲ್ಪ ಕಾದು ಫ್ರಿಜ್ಜು ಹಾಕು.

ಲೋಟ ವಾಪಸು ಕೊಡಬೇಕಿಲ್ಲ.
ತಾಳು, ಜೇಬಿನಲ್ಲೊಂದು ಸೆಂಟು ಇರಬೇಕು.