ಹನ್ನೊಂದನೆಯ ನಿಮಿಷ

ಹೊರಗೆ ಸೊನ್ನೆಗಿಂತ ಕೆಳಗೆ ನಲವತ್ತೇಳು.
ಯಾಕುತ್ಸ್ಕ್‌ನ ಮಂಜು ಎದುರು ಕಟ್ಟಡವನ್ನು ನುಂಗಿ
ಎರಡು ಕಿಟಕಿ ದೀಪ ಮಾತ್ರ ಉಗುಳಿದೆ.
ಒಳಗೆ, ಮೇಜಿನಡಿ, ನಮ್ಮ ಕಂಪ್ಯೂಟರಿಗೆ ಜ್ವರ.

ಹತ್ತು ನಿಮಿಷ ಚೆನ್ನಾಗೇ ಇರುತ್ತದೆ.
ಹನ್ನೊಂದಕ್ಕೆ ಫ್ಯಾನು ಕಿರುಚಿ ಕಿರುಚಿ
ಪರದೆ ಇದ್ದಲ್ಲೇ ಕಲ್ಲು.
ಬಾಣ ಕದಲದು. ಗುಂಡಿ ಒತ್ತಿದರೆ ಗೋಡೆಗೆ ಹೇಳಿದ ಹಾಗೆ.

ಸಾರ್ಗಿಲಾನಾ ಮದುವೆ ವಿಡಿಯೊ ಕತ್ತರಿಸಿ ಜೋಡಿಸುವವಳು.
ಶನಿವಾರದೊಳಗೆ ಕೊಡಬೇಕು, ಮುಂಗಡ ತಿಂದಾಗಿದೆ.
ಜುಲೈ ತಿಂಗಳ ಹುಲ್ಲುಗಾವಲು, ಬಿಳಿ ಕುದುರೆ,
ವಧುವಿನ ಸೋದರಮಾವ ಮರದ ಬಟ್ಟಲು ಎತ್ತಿ
ಹುಳಿ ಬಂದ ಕುದುರೆ ಹಾಲು ತುಟಿಗೆ ತಾಗುವ ಮೊದಲೇ
ನಿಂತುಬಿಡುತ್ತಾನೆ.
ಮೂರು ದಿನದಿಂದ ಹಾಗೇ ನಿಂತಿದ್ದಾನೆ ಪಾಪ,
ಬಾಯಿ ತೆರೆದುಕೊಂಡು,
ಮೀಸೆಯ ಮೇಲಿನ ಸೊಳ್ಳೆ ಸಮೇತ.

"ಬಾಯ್ಲರ್ ಮನೆಯವನು ನೀನು," ಅಂದಳು.
"ಅರ್ಧ ಊರಿಗೆ ಬಿಸಿ ಕಳಿಸುತ್ತೀಯ,
ಒಂದು ಡಬ್ಬಿ ಆರಿಸಿಕೊಡಲಿಕ್ಕೆ ಆಗುವುದಿಲ್ಲವೆ?"

ಹಳೆ ಪಾಳಿ ಪುಸ್ತಕದ ಹಿಂಬದಿಗೆ ಬರೆಯುತ್ತ ಹೋದೆ, ಕೆಲಸದ ಚಟ:
ಏಳು ಹತ್ತು, ಶುರು. ಏಳು ಇಪ್ಪತ್ತೊಂದು, ಕಲ್ಲು.
ಪಕ್ಕದ ತಗಡು ಬಿಚ್ಚಿದರೆ ಬೆಕ್ಕಿನ ಕೂದಲು,
ಇನ್ನೊಂದು ಮರಿಗೆ ಸಾಲುವಷ್ಟು.
ಊದಿದೆ, ಸೀನಿದೆ, ಬಣ್ಣದ ಕುಂಚದಲ್ಲಿ ಗುಡಿಸಿದೆ.
ಏಳು ಐವತ್ತು, ಶುರು. ಎಂಟು ಒಂದು, ಕಲ್ಲು.
ಮೇಜಿನ ಫ್ಯಾನು ತಂದು ಅದರ ಹೊಟ್ಟೆಗೇ ಗಾಳಿ ಹಿಡಿದೆ.
ಕಲ್ಲು.

ಸಲಹೆಗೇನು ಬರ? ಮೇಲಿನ ಮನೆಯ ಹುಡುಗ ಮಿಚಿಲ್
ಮೆಮೊರಿ ಬದಲಿಸಿ ಅಂದ.
ನಮ್ಮತ್ತೆ, ಅದಕ್ಕೂ ವಯಸ್ಸಾಯಿತು, ಮಲಗಲು ಬಿಡಿ, ಅಂದರು.

ರೇಗಿ ಒಂದು ರಾತ್ರಿ ಬಾಲ್ಕನಿಗೇ ಒಯ್ದಿಟ್ಟೆ.
ಬಾಗಿಲಾಚೆ ಇಡೀ ಸೈಬೀರಿಯ ಬಿಟ್ಟಿ ಬಿದ್ದಿದೆಯಲ್ಲ!
ಕಾಲು ಗಂಟೆಗೆ ವೈರುಗಳೆಲ್ಲ ಕಡ್ಡಿಯಂತೆ ಸೆಟೆದವು.
ಒಳಗೆ ತಂದದ್ದೇ ತಡ, ಮೈತುಂಬ ಬಿಳಿ ಬೂದಿಯಂಥ ಹಿಮ,
ಹಿಮ ಹನಿಯಾಯಿತು, ಹನಿ ಹರಿಯತೊಡಗಿತು.
ಸಾರ್ಗಿಲಾನಾ ವಿದ್ಯುತ್ತಿನ ವೈರು ಕಿತ್ತು
ದಿಂಬಿನ ಕೆಳಗಿಟ್ಟುಕೊಂಡೇ ಮಲಗಿದಳು,
ನನ್ನನ್ನು ನಂಬದೆ.

ಎಲ್ಲ ಒಣಗಿದ ಮೇಲೆ, ಮಾರನೆಯ ಸಂಜೆ,
ಸರಿಯಾಗಿ ಹನ್ನೊಂದನೆಯ ನಿಮಿಷಕ್ಕೆ
ಅಲ್ಯೂಮಿನಿಯಂ ಗರಿಗಳ ಮೇಲೆ ಬೆರಳಿಟ್ಟೆ,
ಸುಟ್ಟರೆ ಸುಡಲಿ ಅಂತ.
ಸುಡಲಿಲ್ಲ.
ಕುಡಿದಿಟ್ಟ ಚಹಾ ಲೋಟದಷ್ಟೂ ಬಿಸಿಯಿಲ್ಲ.
ಪರದೆಯ ಮೂಲೆಯಲ್ಲೋ, ಚಿಪ್ಪಿನ ಉಷ್ಣ
ತೊಂಬತ್ತೆಂಟು ಅಂತ ಕಲ್ಲಾಗಿ ಕೂತಿದೆ.
ಅದರ ಬೆನ್ನ ಮೇಲಿನ ಗರಿಗಳಿಗೆ ಸುದ್ದಿಯೇ ಮುಟ್ಟಿಲ್ಲ.

ಇಪ್ಪತ್ತಾರು ವರ್ಷ ಫೋನಿನಲ್ಲಿ ಇದೇ ದೂರು ಕೇಳಿದ್ದೇನೆ:
ನಿಮ್ಮ ಬಾಯ್ಲರ್ ಧಗಧಗ ಅಂತೀರಿ,
ನಮ್ಮ ಕೋಣೆಯ ರೇಡಿಯೇಟರ್ ಹೆಣ.
ಆಗೆಲ್ಲ ನಾನು ಬೆಂಕಿ ನೋಡಲು ಹೋಗುವವನಲ್ಲ.
ನಡುವೆ ಎಲ್ಲಿ ಕೈಬಿಟ್ಟಿದೆ, ಅದನ್ನು ಹುಡುಕುತ್ತೇನೆ.

ಟಾರ್ಚು ಹಿಡಿ ಅಂದೆ. ಹಿಡಿದಳು.
ನಾಲ್ಕು ಪ್ಲಾಸ್ಟಿಕ್ ಕಾಲು. ಮೂರು ಹಲಗೆಯನ್ನು ಕಚ್ಚಿವೆ.
ನಾಲ್ಕನೆಯದು, ಗೋಡೆ ಕಡೆಯದು, ತೂತಿನಿಂದ ಮೇಲೆದ್ದು
ನಿಂತಿದೆ ಸುಮ್ಮನೆ,
ಪಲ್ಲಕ್ಕಿಗೆ ಹೆಗಲು ಕೊಟ್ಟಂತೆ ನಟಿಸುವವನ ಹಾಗೆ.
ಕೂದಲೆಳೆಯಷ್ಟು ಸಂದು.

ಸೀಮೆಸುಣ್ಣವಾಗಿದ್ದ ಹಳೇ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿ
ಪ್ರೊಕೋಪಿ ಕೊಟ್ಟ ಟ್ಯೂಬಿನಿಂದ ಒಂದೇ ಒಂದು ಬೊಟ್ಟು.
ಆಮೇಲೆ ಫ್ಲ್ಯಾಂಜಿನ ಬೋಲ್ಟು ಬಿಗಿಯುವ ಕ್ರಮದಲ್ಲೇ,
ಒಂದಾದ ಮೇಲೆ ಅದರ ಎದುರು ಮೂಲೆ:
ಟಕ್. ಟಕ್. ಟಕ್.
ಹೆಬ್ಬೆರಳ ಉಗುರು ಬೆಳ್ಳಗಾಗುವ ತನಕ ಒತ್ತಿ,
ಟಕ್.

ಶುರು. ಇಬ್ಬರೂ ನೆಲದ ಮೇಲೆ ಕೂತೆವು.
ಒಂಬತ್ತು. ಹತ್ತು. ಚಹಾ ಹೀರುವುದನ್ನೂ ನಿಲ್ಲಿಸಿದಳು.
ಹನ್ನೊಂದಕ್ಕೆ ಫ್ಯಾನು ಸ್ವಲ್ಪ ಗೊಣಗಿತು.
ಸೊಳ್ಳೆ ಹಾರಿತು.
ಸೋದರಮಾವ ಕುಡಿದ. ಗಂಟಲಿನ ಗುಬ್ಬಿ ಏರಿತು, ಇಳಿಯಿತು.
ಬಟ್ಟಲು ತಗ್ಗಿಸಿ, ಮೀಸೆ ಒರೆಸಿಕೊಂಡು,
ಗಂಡಿನ ಅಪ್ಪ ಕೊಟ್ಟ ಕುದುರೆಯ ಹಲ್ಲಿನ ಬಗ್ಗೆ
ಆಡಬಾರದ ಒಂದು ಮಾತು ಆಡಿದ.

"ಇದು ಬೇಡ," ಅಂದಳು ಸಾರ್ಗಿಲಾನಾ,
ಕತ್ತರಿಸಿದಳು.