ಮುಚ್ಚಳ

ಮಿಲ್ಡೂರದ ಮಣ್ಣೂ ಕೆಂಪು.
ಮೊದಲ ವಾರ ಕಾಲ್ಚೀಲ ಒಗೆದಾಗ ಬಕೆಟ್ಟಿನ ನೀರು ನೋಡಿ
ಒಂದು ಗಳಿಗೆ ನಾನು ಸಂಡೂರಿನಲ್ಲೇ ಇದ್ದೆ,
ಅದಿರಿನ ಲಾರಿಗಳ ಹಿಂದೆ, ಬಾಯಿಗೆ ಸೆರಗು ಹಿಡಿದು.

ಇಲ್ಲಿ ನನ್ನ ಕೆಲಸ ತೂಕ.
ಹತ್ತು ಕಿಲೋ ದ್ರಾಕ್ಷಿ, ಮೇಲೆ ಇನ್ನೂರು ಗ್ರಾಂ
ದಾರಿಯಲ್ಲಿ ಆರಿಹೋಗುವ ನೀರಿಗೆಂದು.
ಕಡಿಮೆಯಾದರೆ ಕೆಂಪು ದೀಪ, ಹೆಚ್ಚಾದರೂ ಕೆಂಪು ದೀಪ;
ಹಸಿರು ಹತ್ತುವುದು ಬೆರಳಗಲದ ಜಾಗದಲ್ಲಿ ಮಾತ್ರ.

ಎದುರಿಗೆ ರೂಬೆನ್ ತಾರಿ, ಪೆಟ್ಟಿಗೆ ಇಳಿಸುವವನು,
ವನುವಾಟುವಿನಿಂದ, ಒಂಬತ್ತು ತಿಂಗಳ ಪರವಾನಗಿ.
ನಮ್ಮೂರವರ ಹಾಗೆ ಅವನೂ ಹಕಾರ ನುಂಗುತ್ತಾನೆ.
ಪ್ರತಿ ಗುರುವಾರ ಸಂಬಳದ ಚೀಟಿ ಹಿಡಿದು ಬರುತ್ತಾನೆ:
"ಉಲಿಗೆಮ್ಮಾ, ಇದರಲ್ಲಿ ನಾನೆಲ್ಲಿದ್ದೇನೆ?"
ಬಾಡಿಗೆ ಕಳೆದು, ವ್ಯಾನಿನ ಬಾಬ್ತು ಕಳೆದು,
ವಿಮಾನದ ಸಾಲದ ಕಂತು ಕಳೆದು, ಹಾಸಿಗೆ ಹೊದಿಕೆ ಕಳೆದು
ಕೊನೆಯ ಸಾಲಿನ ಮೇಲೆ ಬೆರಳಿಡುತ್ತೇನೆ: ಇಗೋ, ಇಲ್ಲಿ.

ಕಳೆದ ಮಂಗಳವಾರ ಮಂತ್ರಿ ಬಂದಿದ್ದರು
ಕ್ಯಾನ್‌ಬೆರಾದಿಂದ, ಹೊಚ್ಚ ಹೊಸ ಟೋಪಿಯಲ್ಲಿ.
ನೆಲ ಎರಡು ಸಲ ತೊಳೆದೆವು. ನಾಲ್ಕೂ ಫ್ಯಾನು ತಿರುಗಿದ್ದು ಅವತ್ತೊಂದೇ ದಿನ.
ಈ ಸಾಗರ ನಮ್ಮನ್ನು ಬೇರೆ ಮಾಡುವುದಿಲ್ಲ, ಎಂದರು,
ನಾವೆಲ್ಲ ಒಂದೇ ಕುಟುಂಬ.
ಹೊಸಬರು ಬಂದು ಸಾಲ ಕೊಡುತ್ತೇವೆಂದರೆ ಹುಷಾರು, ಎಂದೂ ಅಂದರು.
ಹೆಸರು ಹೇಳಲಿಲ್ಲ. ಮನೆಯಲ್ಲಿ ಹಾಗೆಯೇ ಅಲ್ಲವೇ,
ಆಗದವರ ಹೆಸರು ಊಟದ ಹೊತ್ತಿಗೆ ಎತ್ತುವುದಿಲ್ಲ.

ಕುಟುಂಬ ಅಂದಮೇಲೆ ಪಾಲುಪಟ್ಟಿ ಇರಬೇಕಲ್ಲ,
ನನಗೆ ಹೊಳೆದದ್ದು ಅಷ್ಟೆ.
ನಮ್ಮ ದೊಡ್ಡಪ್ಪನೂ ಒಂದೇ ಕುಟುಂಬ ಅನ್ನುತ್ತಿದ್ದ,
ಬಾವಿಯಿದ್ದ ಹೊಲ ತನ್ನ ಹೆಸರಿಗೆ ಬರೆಸಿಕೊಂಡ ಮೇಲೆ.

ಊಟದ ಬಿಡುವಿನಲ್ಲಿ ರೂಬೆನ್
ಒಡೆದ ಕಪ್ಪು ದ್ರಾಕ್ಷಿಯಲ್ಲಿ ಬೆರಳದ್ದಿ
ರಟ್ಟಿನ ಮುಚ್ಚಳದ ಒಳಮೈಗೆ ತನ್ನ ದ್ವೀಪ ಬರೆದ,
ಹಲಸಿನ ಬೀಜದ ಹಾಗೆ, ಒಂದು ಕಡೆ ಕಚ್ಚಿದ್ದು.
ಪಡುವಣಕ್ಕೆ ಒಂದು ಗೀಟು: ಇದು ಹಡಗುಕಟ್ಟೆ,
ಆ ಹೊಸಬರದು, ಸಾಲ.
ಮೂಡಣಕ್ಕೆ ಒಂದು ಗೀಟು: ಇದು ರಸ್ತೆ,
ಮಂತ್ರಿಯವರದು, ದಾನ. ಫಲಕವಿದೆ, ಕೈಕುಲುಕುವ ಚಿತ್ರವಿದೆ.
"ನಡುವೆ?" ಅಂದೆ.
ಬೆರಳು ನೆಕ್ಕಿ ಹೇಳಿದ: "ನಡುವೆ ಅಮ್ಮ."

ಏಳು ಮೈಲಿ ಕಾಡು, ಎರಡು ಹೊಳೆ, ಬೆನ್ನಿಗೆ ಕೊಬ್ಬರಿ ಮೂಟೆ,
ರಸ್ತೆ ಮುಗಿಯುವಲ್ಲಿಂದ ಕಟ್ಟೆ ಶುರುವಾಗುವ ತನಕ.
ಹಡಗು ತಿಂಗಳಿಗೊಂದು, ಬಂದರೆ.
ಉಳಿದ ದಿನ ಕಟ್ಟೆಯ ಮೇಲೆ ಬಟ್ಟೆ ಒಣಗುತ್ತದೆ, ಹುಡುಗರು ಗಾಳ ಹಾಕುತ್ತಾರೆ.
"ಕಟ್ಟೆ ಚೆನ್ನಾಗಿದೆ, ಸುಳ್ಳು ಹೇಳಬಾರದು," ಅಂದ,
"ಎಂಥ ಕಂಬಿ! ಅಷ್ಟು ಉಕ್ಕು ನಮ್ಮಲ್ಲಿ ಯಾರೂ ನೋಡಿರಲಿಲ್ಲ."

ಉಕ್ಕು ಅಂದಾಗ ನನ್ನ ಕೈ ತಕ್ಕಡಿಯ ಮೇಲೇ ನಿಂತಿತು.
ನಮ್ಮ ಗುಡ್ಡ ಎಲ್ಲಿಗೆ ಹೋಯಿತೆಂದು ನಾನು ಯಾರನ್ನೂ ಕೇಳಿಲ್ಲ.
ಹಗಲೂ ರಾತ್ರಿ ಲಾರಿ ಹೋದವು ಬಂದರಿನ ಕಡೆ;
ಶಾಲೆಯ ಕಿಟಕಿಗೆ ಕಟ್ಟಿದ ಗೋಣಿ ಕೆಂಪಾಯಿತು,
ಮೇಷ್ಟ್ರು ಸಂಧಿ ಬಿಡಿಸಿದರೆ ಸುಣ್ಣದಕಡ್ಡಿಯ ಅಕ್ಷರ ಕೆಂಪಾಯಿತು,
ಊರಿಗೊಂದು ಬಸ್ ನಿಲ್ದಾಣ ಸಿಕ್ಕಿತು. ಬಸ್ಸು ಇನ್ನೂ ಬರಬೇಕು.
ಹೇಳಲೇ, ನಿನ್ನ ಕಂಬಿಯಲ್ಲಿ ನಮ್ಮೂರೂ ಚೂರು ಇರಬಹುದೆಂದು?
ಹೇಳಲಿಲ್ಲ. ಗೊತ್ತಿಲ್ಲದ್ದನ್ನು ತೂಗಬಾರದು.
"ಹೊಳೆಗೆ ಸೇತುವೆ?" ಅಂತ ಮಾತ್ರ ಕೇಳಿದೆ.
"ಅದಕ್ಕೆ ಅವರಿಬ್ಬರೂ ಕೂತು ಮಾತಾಡಬೇಕಂತೆ," ಎಂದು ನಕ್ಕ,
ಗಂಟೆ ಹೊಡೆಯಿತು.

ಸಂಜೆ ಆ ಮುಚ್ಚಳ ಮನೆಗೊಯ್ಯಬೇಕೆಂದು ಹುಡುಕಿದೆ,
ಯಾಕೆಂದು ಕೇಳಿದರೆ ಹೇಳಲಾರೆ.
ಯಾರೋ ಅದನ್ನು ಪೆಟ್ಟಿಗೆಗೆ ಹಾಕಿ, ಪಟ್ಟಿ ಬಿಗಿದು
ಕಂಟೇನರಿಗೆ ತುಂಬಿಯಾಗಿತ್ತು.
ತೂಕ ಸರಿಯಿತ್ತು; ಹಸಿರು ಕೊಟ್ಟವಳು ನಾನೇ.

ಇಷ್ಟೊತ್ತಿಗೆ ಯಾವುದೋ ಶಹರದ ಅಂಗಡಿಯಲ್ಲಿ
ಅದನ್ನು ತೆರೆದಿರುತ್ತಾರೆ.
ಎರಡು ಗೀಟು, ನಡುವೆ ಬರೀ ರಟ್ಟು.
ಹಣ್ಣಿನ ಕಲೆ ಅಂದುಕೊಂಡಿರಬಹುದು.